ಒಂದು ಸುತ್ತು ಕತ್ತರಿಸಿದ್ರೆ ಏನ್ ಮಹಾ ಆಗುತ್ತೆ?

ಮೊನ್ನೆ ಆಫೀಸಿನ ಪಾರ್ಕಿಂಗಿನಲ್ಲಿ ಇನ್ನೊಂದು ಕಣ್ಣಿಗೆ ಬಿತ್ತು. ಬಿಳಿ ಹ್ಯಾಚ್‌ಬ್ಯಾಕು, ಚಕ್ರಕ್ಕೂ ಅದರ ಮೇಲಿನ ಕಮಾನಿಗೂ ನಡುವೆ ಎರಡು ಬೆರಳು ತೂರಿಸುವಷ್ಟು ಜಾಗ ಇಲ್ಲ. ಬೇಸ್‌ಮೆಂಟಿನ ಇಳಿಜಾರು ಹತ್ತಬೇಕಾದ್ರೆ ನೇರವಾಗಿ ಹತ್ತೋಕಾಗದೆ ಏಡಿ ಥರ ಓರೆಯಾಗಿ ಹತ್ತುತ್ತಿತ್ತು. ಯಜಮಾನರನ್ನ ಕೇಳಿದೆ, “ಸ್ಪ್ರಿಂಗ್ ಯಾವ್ದು ಬಾಸ್?” ಅಂತ. “ಕಂಪ್ನಿದೇ ಗುರು, ಒಂದು ಸುತ್ತು ಕಟ್ ಮಾಡ್ಸಿದೀನಿ ಅಷ್ಟೇ. ಏನ್ ಮಹಾ ಆಗುತ್ತೆ?”

ಆ ‘ಏನ್ ಮಹಾ ಆಗುತ್ತೆ’ ಅನ್ನೋದಕ್ಕೆ ಉತ್ತರ ಅಲ್ಲೇ ಲಿಫ್ಟಿನಲ್ಲಿ ಹೇಳೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೀತಾ ಇದೀನಿ. ಸ್ವಲ್ಪ ಉದ್ದ ಆಗುತ್ತೆ, ಸ್ವಲ್ಪ ಲೆಕ್ಕವೂ ಬರುತ್ತೆ. ಕಾಫಿ ತಗೊಂಡು ಕೂತ್ಕೊಳಿ.

ಮೊದಲೇ ತಪ್ಪೊಪ್ಪಿಗೆ. ನಾನು ಮೆಕ್ಯಾನಿಕಲ್ ಓದಿ ಜಾವಾ ಬರೆದು ಹೊಟ್ಟೆ ಹೊರೆಯುವ ಜಾತಿಯವನು :-) ವಿಟಿಯುನಲ್ಲಿ ‘ಡಿಸೈನ್ ಆಫ್ ಮಷಿನ್ ಎಲಿಮೆಂಟ್ಸ್’ ಅಂತ ಒಂದು ವಿಷಯ, ಅದರಲ್ಲಿ ಸ್ಪ್ರಿಂಗಿನದೇ ಒಂದು ಅಧ್ಯಾಯ. ಡೇಟಾ ಹ್ಯಾಂಡ್‌ಬುಕ್ ಪಕ್ಕಕ್ಕಿಟ್ಟುಕೊಂಡು ಸೂತ್ರಕ್ಕೆ ಅಂಕಿ ತುಂಬಿ ಪಾಸಾದವರಲ್ಲಿ ನಾನೂ ಒಬ್ಬ. ಎರಡು ವರ್ಷದ ಹಿಂದೆ ಚಿಕ್ಕಪ್ಪನ ಮಗ ಫೋನ್ ಮಾಡಿ, “ಅಣ್ಣ, ಗ್ಯಾರೇಜಿನವನು ಸ್ಪ್ರಿಂಗ್ ಕಟ್ ಮಾಡಿ ಕಾರು ಇಳಿಸಿಕೊಡ್ತೀನಿ ಅಂತಿದಾನೆ, ನಾಲ್ಕೂ ಸೇರಿ 1500 ರೂಪಾಯಿ. ನೀನು ಎಂಜಿನಿಯರ್ ಅಲ್ವಾ, ಪರವಾಗಿಲ್ವಾ?” ಅಂದ. ನಾನು ಮೀಟಿಂಗ್ ಮಧ್ಯೆ ಇದ್ದೆ. “ಸುತ್ತು ಕಮ್ಮಿ ಆದ್ರೆ ಸ್ಪ್ರಿಂಗ್ ಗಟ್ಟಿ ಆಗುತ್ತೆ ಕಣೋ, ಏನೂ ಆಗಲ್ಲ, ಸ್ವಲ್ಪ ಕುಲುಕುತ್ತೆ ಅಷ್ಟೇ” ಅಂದೆ. ಹತ್ತು ಸೆಕೆಂಡಿನ ಮಾತು.

ಆ ಮಾತು ಸುಳ್ಳಲ್ಲ. ಅರ್ಧ ನಿಜ. ಅದಕ್ಕೇ ಅದು ಸುಳ್ಳಿಗಿಂತ ಕೆಟ್ಟದ್ದು.

ಸೂತ್ರ ಹೇಳೋದು ಇಷ್ಟು: ಸುರುಳಿ ಸ್ಪ್ರಿಂಗಿನ ಬಿಗಿತ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತೆ, ಸುರುಳಿಯ ವ್ಯಾಸದ ಘನ ಮತ್ತು ಕೆಲಸ ಮಾಡುವ ಸುತ್ತುಗಳ ಸಂಖ್ಯೆ, ಇವು ಹೆಚ್ಚಾದಂತೆ ಇಳಿಯುತ್ತೆ. ಐದು ಸುತ್ತಿದ್ದದ್ದು ನಾಲ್ಕಾದರೆ ಬಿಗಿತ ಶೇಕಡಾ 25 ಹೆಚ್ಚು. ಇಲ್ಲಿಯವರೆಗೆ ನಾನು ಹೇಳಿದ್ದು ಸರಿ. ಗ್ಯಾರೇಜಿನವರು ಹೇಳೋದೂ ಇದನ್ನೇ, ಇನ್‌ಸ್ಟಾಗ್ರಾಮಿನಲ್ಲಿ ಗ್ರೈಂಡರ್ ಹಿಡಿದು ಕಿಡಿ ಹಾರಿಸುವ ಶೂರರು ಹೇಳೋದೂ ಇದನ್ನೇ.

ಈಗ ಮುಂದಿನ ಹೆಜ್ಜೆ ಹಾಕೋಣ. ಲೆಕ್ಕಕ್ಕೆ ಅನುಕೂಲ ಆಗಲಿ ಅಂತ ನಾನೇ ಅಂಕಿ ತಗೋತೀನಿ, ಇದು ನಿಮ್ಮ ಕಾರಿನದ್ದೇ ಅಂತ ಅಂದ್ಕೋಬೇಡಿ, ಸಣ್ಣ ಕಾರಿಗೆ ಹತ್ತಿರದ ಅಂಕಿ ಅಷ್ಟೇ. ಮುಂದಿನ ಒಂದು ಸ್ಪ್ರಿಂಗು. ತಂತಿ 12 ಮಿ.ಮೀ. ದಪ್ಪ, ಸುರುಳಿ 120 ಮಿ.ಮೀ. ವ್ಯಾಸ, ಐದು ಸುತ್ತು. ಏನೂ ಭಾರ ಇಲ್ಲದೆ ನೆಲದ ಮೇಲಿಟ್ಟರೆ 350 ಮಿ.ಮೀ. ಎತ್ತರ. ಬಿಗಿತ ಲೆಕ್ಕ ಹಾಕಿದರೆ ಮಿಲಿಮೀಟರಿಗೆ ಸುಮಾರು 24 ನ್ಯೂಟನ್. ಅದರ ಮೇಲೆ ಕಾರಿನ ಪಾಲು 270 ಕೆ.ಜಿ. ಕೂತಾಗ 112 ಮಿ.ಮೀ. ಕುಗ್ಗಿ 238ಕ್ಕೆ ನಿಲ್ಲುತ್ತೆ. ಒಂದು ಸುತ್ತು ಕತ್ತರಿಸಿ. ಸುತ್ತಿನಿಂದ ಸುತ್ತಿಗೆ 60 ಮಿ.ಮೀ. ಅಂತರ ಅಂತಿಟ್ಟುಕೊಂಡರೆ ಸ್ಪ್ರಿಂಗ್ 290 ಆಯ್ತು. ಬಿಗಿತ 24ರಿಂದ 30ರ ಹತ್ತಿರ ಹೋಯ್ತು, ಹಾಗಾಗಿ ಈಗ ಕುಗ್ಗೋದು 90 ಮಾತ್ರ. ನಿಲ್ಲೋದು 200ಕ್ಕೆ. ಅಂದ್ರೆ ಕಾರು 38 ಮಿ.ಮೀ., ಒಂದೂವರೆ ಇಂಚು ಇಳೀತು. ಫೋಟೋದಲ್ಲಿ ಸಕ್ಕತ್ತಾಗಿ ಕಾಣುತ್ತೆ. ಒಪ್ಪಿದೆ.

ಈ 38 ಮಿ.ಮೀ. ಎಲ್ಲಿಂದ ಬಂತು? ಆಕಾಶದಿಂದ ಬರಲಿಲ್ಲ. ಗುಂಡಿ, ಹಂಪು ಬಂದಾಗ ಚಕ್ರ ಮೇಲಕ್ಕೆ ಹೋಗೋದಕ್ಕೆ ಇಟ್ಟಿದ್ದ ಜಾಗದಿಂದ ಕದ್ದದ್ದು. ಮೊದಲು ರಬ್ಬರಿನ ಬಂಪ್ ಸ್ಟಾಪಿಗೆ ಬಡಿಯುವ ತನಕ 70 ಮಿ.ಮೀ. ಇತ್ತು ಅಂದ್ಕೊಳ್ಳಿ, ಈಗ 32. ಸ್ಪ್ರಿಂಗ್ ನುಂಗುವ ಶಕ್ತಿ ಆ ದೂರದ ವರ್ಗಕ್ಕೆ ತಕ್ಕ ಹಾಗೆ ಹೋಗುತ್ತೆ. ಮೊದಲು ಬಂಪ್ ಸ್ಟಾಪ್ ಮುಟ್ಟುವ ಮುಂಚೆ 58 ಜೌಲ್ ನುಂಗುತ್ತಿದ್ದ ಸ್ಪ್ರಿಂಗು ಈಗ 15 ನುಂಗುತ್ತೆ. ಕಾಲು ಭಾಗ! ಅದೇ 58 ಜೌಲನ್ನ 32 ಮಿ.ಮೀ. ಒಳಗೆ ನುಂಗಬೇಕಾದ್ರೆ ಬಿಗಿತ ಹೆಚ್ಚಬೇಕಿದ್ದದ್ದು ಶೇಕಡಾ 25 ಅಲ್ಲ ಸ್ವಾಮಿ, ಹತ್ತಿರ ಹತ್ತಿರ ಐದು ಪಟ್ಟು. ಉಳಿದದ್ದನ್ನ ಯಾರು ನುಂಗ್ತಾರೆ? ಬಂಪ್ ಸ್ಟಾಪಿನ ರಬ್ಬರು, ಸ್ಟ್ರಟ್ಟಿನ ಮೇಲಿನ ಬೇರಿಂಗು, ಬಾಡಿಯ ತಗಡು, ಕೊನೆಗೆ ನಿಮ್ಮ ಬೆನ್ನುಮೂಳೆ. “ಗಟ್ಟಿ ಆಯ್ತು” ಅಂತ ಜನ ಖುಷಿ ಪಡೋದು ಸ್ಪ್ರಿಂಗಿನ ಗಟ್ಟಿತನ ಅಲ್ಲ, ರಬ್ಬರಿಗೆ ಬಡಿಯುವ ಸದ್ದು.

ಶಾಕ್ ಅಬ್ಸಾರ್ಬರ್ ಹಾಳಾಗುತ್ತೆ ಅಂತ ಎಲ್ಲರೂ ಹೇಳ್ತಾರೆ. ಬಿಗಿತ 25 ಹೆಚ್ಚಿದ್ದಕ್ಕೆ ಡ್ಯಾಂಪಿಂಗ್ ಅನುಪಾತ ಶೇಕಡಾ 10ರಷ್ಟು ಇಳಿಯುತ್ತೆ, ಅದೇನು ಪ್ರಳಯ ಅಲ್ಲ. ಹಳೇ ಶಾಕ್ ಇರೋ ಕಾರುಗಳಲ್ಲಿ ಅದಕ್ಕಿಂತ ಜಾಸ್ತಿ ಇಳಿದಿರುತ್ತೆ. ಆಮೇಲೆ ಗ್ರೈಂಡರಿನಲ್ಲಿ ಕತ್ತರಿಸಿದರೆ ಉಕ್ಕಿನ ಹದ ಪೂರ್ತಿ ಹೋಗಿಬಿಡುತ್ತೆ ಅನ್ನೋದೂ ಉತ್ಪ್ರೇಕ್ಷೆ. ಕತ್ತರಿಸಿದ ಜಾಗದ ಪಕ್ಕ ಒಂದಿಷ್ಟು ಮಾತ್ರ ಕೆಡುತ್ತೆ. ನಿಜವಾದ ಅನಾಹುತ ಗ್ಯಾಸ್ ಟಾರ್ಚಿನಲ್ಲಿ ಕತ್ತರಿಸುವವರು ಮಾಡೋದು. ಅವರಿಗಿಂತ ದೊಡ್ಡವರು ಇನ್ನೊಬ್ಬರಿದ್ದಾರೆ, ಸ್ಪ್ರಿಂಗನ್ನ ಕಾರಿನಲ್ಲೇ ಬಿಟ್ಟು ಟಾರ್ಚಿನಿಂದ ಕೆಂಪಗೆ ಕಾಯಿಸಿ, ಕಾರಿನ ಭಾರಕ್ಕೆ ಅದೇ ಕುಸಿಯಲಿ ಅಂತ ನೋಡ್ತಾ ನಿಲ್ಲೋರು. ಸ್ಪ್ರಿಂಗ್ ಉಕ್ಕನ್ನ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಡಸು ಮಾಡಿ, ಮತ್ತೆ ಹದವಾಗಿ ಕಾಯಿಸಿ ಟೆಂಪರ್ ಮಾಡಿರ್ತಾರೆ. ಮೇಲೆ ಸಣ್ಣ ಉಕ್ಕಿನ ಗುಂಡು ಹೊಡೆದು ಮೈ ಬಲಪಡಿಸಿ, ಒಮ್ಮೆ ಪೂರ್ತಿ ಅದುಮಿ ಬಿಟ್ಟು, ಆಮೇಲೆ ಬಣ್ಣ. ಇಷ್ಟನ್ನೂ ಎರಡು ನಿಮಿಷದಲ್ಲಿ ಮಣ್ಣುಪಾಲು ಮಾಡೋಕೆ ಒಂದು ಸಿಲಿಂಡರ್ ಸಾಕು. “ಫ್ಯಾಕ್ಟರಿಯಲ್ಲೂ ತಂತಿ ಕಟ್ ಮಾಡಿಯೇ ಸ್ಪ್ರಿಂಗ್ ಮಾಡೋದಲ್ವಾ?” ಅಂತ ನನಗೆ ಪಾಠ ಹೇಳಿದವರೂ ಇದ್ದಾರೆ. ಹೌದಪ್ಪ, ದೋಸೆ ಹುಯ್ಯುವ ಮುಂಚೆ ಹಿಟ್ಟಿಗೆ ಉಪ್ಪು ಹಾಕ್ತಾರೆ, ತಿಂದಾದ ಮೇಲಲ್ಲ.

ಆದರೆ ಇದ್ಯಾವುದೂ ಅಲ್ಲ ನಾನು ಹೇಳೋಕೆ ಹೊರಟದ್ದು. ಅಸಲಿ ವಿಷಯ ಬೇರೆ. ಅದನ್ನ ನಾನು ಕಾಲೇಜಿನಲ್ಲಿ ಕಲೀಲಿಲ್ಲ, ಹಾಸನದ ಆಸ್ಪತ್ರೆಯ ಕಾರಿಡಾರಿನಲ್ಲಿ ಕಲಿತೆ.

ಕಾರನ್ನ ಜ್ಯಾಕ್ ಹಾಕಿ ಎತ್ತಿದಾಗ ಚಕ್ರ ಕೆಳಗೆ ಜೋತು ಬೀಳುತ್ತೆ ನೋಡಿ, ಅದು ಸ್ಟ್ರಟ್ಟು ಪೂರ್ತಿ ಚಾಚಿಕೊಂಡ ಸ್ಥಿತಿ. ಆಗಲೂ ಸ್ಪ್ರಿಂಗು ಮೇಲಿನ ಕೆಳಗಿನ ಎರಡು ತಟ್ಟೆಗಳ ಮಧ್ಯೆ ಬಿಗಿಯಾಗಿ ಅದುಮಿಕೊಂಡೇ ಇರಬೇಕು. ಅದಕ್ಕೇ ಸ್ಟ್ರಟ್ ಬಿಚ್ಚೋವಾಗ ಮೆಕ್ಯಾನಿಕ್ಕು ಸ್ಪ್ರಿಂಗ್ ಕಂಪ್ರೆಸರ್ ಹಾಕ್ತಾನೆ, ಇಲ್ಲದಿದ್ರೆ ಮುಖಕ್ಕೇ ಹಾರುತ್ತೆ. ನಮ್ಮ ಲೆಕ್ಕದ ಕಾರಿನಲ್ಲಿ ಆ ತಟ್ಟೆಗಳ ಅಂತರ ಪೂರ್ತಿ ಚಾಚಿದಾಗ 310 ಮಿ.ಮೀ. ಅಂದ್ಕೊಳ್ಳಿ. ಕಂಪನಿ ಸ್ಪ್ರಿಂಗು 350. ಅಂದ್ರೆ 40 ಮಿ.ಮೀ. ಅದುಮಿ ಕೂತಿದೆ, ಅಲ್ಲಾಡಲ್ಲ. ಕತ್ತರಿಸಿದ ಸ್ಪ್ರಿಂಗು ಎಷ್ಟು? 290.

310ರ ಜಾಗದಲ್ಲಿ 290ರ ಸ್ಪ್ರಿಂಗು. 20 ಮಿ.ಮೀ. ಸಡಿಲ. ಆ ಗಳಿಗೆಯಲ್ಲಿ ನಿಮ್ಮ ಕಾರಿನ ಮುಂದಿನ ಸ್ಪ್ರಿಂಗು ಯಾವುದಕ್ಕೂ ಅಂಟಿಕೊಂಡಿಲ್ಲ. ಡಬ್ಬದಲ್ಲಿ ಹಾಕಿದ ಗೋಲಿ.

ಇದರ ಜೊತೆಗೆ ತುದಿಯ ಕತೆ. ಕಂಪನಿ ಸ್ಪ್ರಿಂಗಿನ ತುದಿಯ ಸುತ್ತನ್ನ ಚಪ್ಪಟೆಯಾಗಿ, ಇಲ್ಲವೇ ಒಳಕ್ಕೆ ಸುತ್ತಿ ಮಾಡಿರ್ತಾರೆ. ಕೆಳಗಿನ ತಟ್ಟೆಯಲ್ಲಿ ಅದಕ್ಕೆ ಸರಿಯಾಗಿ ಒಂದು ತೋಡು, ತುದಿ ತಾಗಿ ನಿಲ್ಲೋಕೆ ಒಂದು ಮೆಟ್ಟಿಲು. ಕತ್ತರಿಸಿದ ತುದಿ ಹಾಗಿರಲ್ಲ. ಏರುತ್ತಿರುವ ಸುರುಳಿಯ ಮಧ್ಯಕ್ಕೆ ಕೊಯ್ದದ್ದಲ್ವಾ? ಬರೀ ತುದಿ ಒಂದು ಕಡೆ ಊರಿಕೊಂಡು ಉಳಿದದ್ದು ಗಾಳಿಯಲ್ಲಿರುತ್ತೆ. ಭಾರ ಒಂದೇ ಬಿಂದುವಿನ ಮೇಲೆ, ಸ್ಪ್ರಿಂಗು ಒಂದು ಕಡೆಗೆ ಬಾಗಿ, ತೋಡಿನಲ್ಲಿ ಕೂರದೆ ತಿರುಗೋಕೆ ಕಾಯ್ತಿರುತ್ತೆ. ಸಡಿಲ ಆದ ಗಳಿಗೆಯಲ್ಲಿ ಅದು ತಿರುಗುತ್ತೆ. ಅಷ್ಟೇ.

ಅವತ್ತು ಜುಲೈ ತಿಂಗಳು, ಮಲೆನಾಡಿನ ಮಳೆ ಗೊತ್ತಲ್ಲ. ತಮ್ಮ, ಚಿಕ್ಕಪ್ಪ, ಚಿಕ್ಕಮ್ಮ ಮೂವರೂ ಸಕಲೇಶಪುರದಿಂದ ಮೂಡಿಗೆರೆ ಕಡೆ ಹೊರಟಿದ್ದಾರೆ, ಒಂದು ಗೃಹಪ್ರವೇಶಕ್ಕೆ. ಹಾನುಬಾಳು ದಾಟಿ ಸ್ವಲ್ಪ ದೂರ. ನೀರು ತುಂಬಿದ ಗುಂಡಿ, ಆಳ ಗೊತ್ತಾಗಲ್ಲ. ಎಡಗಡೆ ಮುಂದಿನ ಚಕ್ರ ಅದರೊಳಗೆ ಇಳೀತು. ವೇಗ 40 ಅಂತಾನೆ, ನಾನು ನಂಬ್ತೀನಿ, ಆ ರಸ್ತೆಯಲ್ಲಿ ಅದಕ್ಕಿಂತ ಜಾಸ್ತಿ ಹೋಗೋಕಾಗಲ್ಲ. ಚಕ್ರ ಪೂರ್ತಿ ಇಳಿದಾಗ ಸ್ಪ್ರಿಂಗ್ ಸಡಿಲ ಆಯ್ತು, ತುದಿ ತಟ್ಟೆಯ ಅಂಚು ಹತ್ತಿತು, ಚಕ್ರ ಗುಂಡಿಯಿಂದ ಮೇಲೆ ಬಂದಾಗ ಕೆಳಗಿನ ಸುತ್ತು ತಟ್ಟೆಯ ಹೊರಗೆ ಇಳಿದು ಟೈರಿನ ಒಳಮೈಗೆ ಒರಗಿತು. ‘ಕರಕರ’ ಅಂತ ಸದ್ದು ಬಂತಂತೆ. ನಿಲ್ಲಿಸೋಣ ಅಂತ ಜಾಗ ನೋಡ್ತಿದ್ದಾನೆ, ತಿರುವಿನಲ್ಲಿ ಟೈರು ಒಡೆದು ಕಾರು ಎಡಕ್ಕೆ ಎಳೆದು ಚರಂಡಿಗೆ ಹೋಯ್ತು. ಬಲಗಡೆ ಹೋಗಿದ್ರೆ ಕಾಫಿ ತೋಟದ ಇಳಿಜಾರು. ಅದನ್ನ ಯೋಚನೆ ಮಾಡೋದು ಬಿಟ್ಟಿದೀನಿ.

ಹಿಂದಿನ ಸೀಟಿನಲ್ಲಿ ಕೂತಿದ್ದ ಚಿಕ್ಕಮ್ಮನ ಬಲಗೈ ಮಣಿಕಟ್ಟು ಮುರೀತು. ಪ್ಲೇಟ್ ಹಾಕಿದರು. ಅವರು ಮನೆಯಲ್ಲೇ ಬ್ಲೌಸು ಹೊಲಿಯುವವರು. ನಾಲ್ಕು ತಿಂಗಳು ಮಷಿನ್ ಮುಟ್ಟಲಿಲ್ಲ, ಈಗಲೂ ಚಳಿ ಬಂದರೆ ಕತ್ತರಿ ಹಿಡಿಯೋಕೆ ಕಷ್ಟಪಡ್ತಾರೆ. ಇನ್ಶೂರೆನ್ಸ್ ಸರ್ವೇಯರು ಕಾರಿನ ಕೆಳಗೆ ತೂರಿ ಕತ್ತರಿಸಿದ ತುದಿಯ ಫೋಟೋ ತೆಗೆದುಕೊಂಡು ಹೋದ. ಕ್ಲೇಮ್ ಬರಲಿಲ್ಲ. ಸರಿಯಾಗೇ ಇದೆ, ಬದಲಾವಣೆ ಮಾಡಿದ್ದನ್ನ ನಾವು ಹೇಳಿರಲಿಲ್ಲವಲ್ಲ. ಗ್ಯಾರೇಜಿನವನು “ನಾನು ನೂರಾರು ಕಾರು ಮಾಡಿದೀನಿ, ಒಂದಕ್ಕೂ ಹೀಗಾಗಿಲ್ಲ” ಅಂದ. ಅದೂ ನಿಜ ಇರಬಹುದು. ಮಾಡಿಸಿಕೊಂಡವರು ಕೆಟ್ಟ ಮೇಲೆ ಅವನ ಹತ್ತಿರ ಯಾಕೆ ಬರ್ತಾರೆ?

ಚಿಕ್ಕಮ್ಮ ನನಗೆ ಏನೂ ಅನ್ನಲಿಲ್ಲ. ಕೊಯ್ಯಿಸುವ ಮುಂಚೆ ನನ್ನನ್ನ ಕೇಳಿದ್ದು ಅವರಿಗೆ ಗೊತ್ತಿರಲಿಲ್ಲ. ತಮ್ಮ ಹೇಳಿರಲಿಲ್ಲ. ಆಮೇಲೆ ನಾನೇ ಹೇಳಿದೆ.

ಈಗ ವಾದಗಳಿಗೆ ಬರೋಣ. ಈ ಎರಡು ವರ್ಷದಲ್ಲಿ ಎಷ್ಟು ಜನರ ಹತ್ತಿರ ಜಗಳ ಆಡಿದೀನಿ ಅಂದ್ರೆ ಎಲ್ಲ ಬಾಯಿಪಾಠ ಆಗಿದೆ.

‘ಹ್ಯಾಂಡ್ಲಿಂಗ್ ಚೆನ್ನಾಗಾಗುತ್ತೆ.’ ಕಾರಿನ ಗುರುತ್ವ ಕೇಂದ್ರ ನೆಲದಿಂದ 540 ಮಿ.ಮೀ. ಮೇಲಿದ್ರೆ, 38 ಇಳಿಸಿದಾಗ ಶೇಕಡಾ 7ರಷ್ಟು ಲಾಭ. ನಿಜವಾದ ಲಾಭವೇ, ಇಲ್ಲ ಅನ್ನಲ್ಲ. ಆದರೆ ನಮ್ಮ ಸಣ್ಣ ಕಾರುಗಳಲ್ಲಿ ಮುಂದೆ ಇರೋದು ಮ್ಯಾಕ್‌ಫರ್ಸನ್ ಸ್ಟ್ರಟ್ಟು. ಕಾರು ಇಳಿದಾಗ ಕೆಳಗಿನ ತೋಳು ಹೊರತುದಿಯ ಕಡೆ ಮೇಲಕ್ಕೆ ಓರೆಯಾಗುತ್ತೆ, ರೋಲ್ ಸೆಂಟರು ಗುರುತ್ವ ಕೇಂದ್ರಕ್ಕಿಂತ ಜಾಸ್ತಿ ಕೆಳಗೆ ಬೀಳುತ್ತೆ. ಎರಡರ ನಡುವಿನ ದೂರವೇ ಬಾಡಿಯನ್ನ ವಾಲಿಸುವ ಸನ್ನೆಗೋಲು, ಅದು ಉದ್ದ ಆಯ್ತು. ಸ್ಟಿಯರಿಂಗ್ ರಾಡಿನ ಕೋನವೂ ಕೆಟ್ಟು, ಹಂಪು ಬಂದಾಗ ಚಕ್ರ ತಾನೇ ಚೂರು ತಿರುಗುತ್ತೆ. ಅಲೈನ್‌ಮೆಂಟ್ ಮಾಡಿಸದೆ ಓಡಿಸಿದರೆ ಟೈರಿನ ಒಂದು ಅಂಚು ಮಾತ್ರ ಬೋಳಾಗುತ್ತೆ. ಎಬಿಎಸ್ ಇಲ್ಲದ ಕೆಲವು ಹಳೇ ಕಾರುಗಳಲ್ಲಿ ಹಿಂದಿನ ಆಕ್ಸಲ್ಲಿಗೆ ಕಡ್ಡಿ ಜೋಡಿಸಿದ ಬ್ರೇಕ್ ವಾಲ್ವ್ ಇರುತ್ತೆ. ಹಿಂದೆ ಭಾರ ಇದ್ದು ಕಾರು ಕುಸಿದರೆ ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಕಳಿಸೋದು ಅದರ ಕೆಲಸ. ಹಿಂದಿನ ಸ್ಪ್ರಿಂಗ್ ಕೊಯ್ದರೆ ಪಾಪ ಅದಕ್ಕೇನು ಗೊತ್ತು, ಹಿಂದೆ ಮೂರು ಜನ ಕೂತಿದ್ದಾರೆ ಅಂದ್ಕೊಳ್ಳುತ್ತೆ. ಖಾಲಿ ಕಾರಿನಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನ ಚಕ್ರ ಕಚ್ಚಿಕೊಂಡು ಕಾರು ತಿರುಗುತ್ತೆ.

‘ನಾನು ನಿಧಾನ ಓಡಿಸ್ತೀನಿ.’ ಗುಂಡಿಯಲ್ಲಿ ಚಕ್ರ ಜೋತು ಬೀಳೋಕೆ ವೇಗ ಬೇಡ. ನಿಧಾನವಾಗಿ ಇಳಿಸಿದರೆ ಇನ್ನೂ ಪೂರ್ತಿಯಾಗಿ ಜೋತು ಬೀಳುತ್ತೆ.

‘ಅಮೆರಿಕದಲ್ಲಿ ಎಲ್ಲರೂ ಮಾಡ್ತಾರೆ.’ ಮಾಡ್ತಿದ್ದರು, ಹೌದು. ಕ್ಯಾಲಿಫೋರ್ನಿಯಾದ ಲೋರೈಡರ್ ಹುಡುಗರು ಡಿಕ್ಕಿಯಲ್ಲಿ ಮರಳು ಮೂಟೆ ಹಾಕಿ, ಸ್ಪ್ರಿಂಗ್ ಕೊಯ್ದು ಕಾರು ಇಳಿಸಿದ್ದು ದೊಡ್ಡ ಕತೆ. 1950ರ ದಶಕದ ಕೊನೆಯಲ್ಲಿ ಆ ರಾಜ್ಯ, ಚಕ್ರದ ರಿಮ್ಮಿನ ಕೆಳಗಂಚಿಗಿಂತ ಕಾರಿನ ಯಾವ ಭಾಗವೂ ಕೆಳಗಿರಬಾರದು ಅಂತ ಕಾನೂನು ಮಾಡಿತು. ಆಗ ಅವರು ಬೇಕಾದಾಗ ಏರಿಸಿ ಇಳಿಸುವ ಹೈಡ್ರಾಲಿಕ್ಸ್ ಹಾಕಿದರು. ಎಂಥ ತಲೆ! ಆದರೆ ಆ ಕಾಲದ ದೊಡ್ಡ ಕಾರುಗಳ ಮುಂದಿನ ಸ್ಪ್ರಿಂಗುಗಳಲ್ಲಿ ಬಹಳಷ್ಟಕ್ಕೆ ತುದಿ ಚಪ್ಪಟೆ ಮಾಡ್ತಿರಲಿಲ್ಲ, ಸುರುಳಿ ಹಾಗೇ ಮುಗೀತಿತ್ತು, ಕೂರುವ ಜಾಗವೂ ಅದಕ್ಕೆ ತಕ್ಕ ಆಳದ ಬಟ್ಟಲು. ಅರ್ಧ ಸುತ್ತು ಕೊಯ್ದರೂ ಹೊಸ ತುದಿ ಹಳೇ ತುದಿಯ ಥರವೇ. ನಿಮ್ಮ ಸ್ಟ್ರಟ್ಟಿನದು ಹಾಗಲ್ಲ. ಕಾರು ಇಳಿಸುವ ಹುಚ್ಚನ್ನ ಅಮೆರಿಕದಿಂದ ತರಿಸಿಕೊಂಡೆವು, ಬಟ್ಟಲನ್ನ ಅಲ್ಲೇ ಬಿಟ್ಟೆವು.

‘ಲೋರಿಂಗ್ ಸ್ಪ್ರಿಂಗಿಗೆ ದುಡ್ಡೆಲ್ಲಿ?’ ಈ ವಾದಕ್ಕೆ ಮಾತ್ರ ನನಗೆ ಸ್ವಲ್ಪ ಮರುಕ ಇದೆ. ಐಬಾಕ್, ಎಚ್ ಅಂಡ್ ಆರ್ ಥರದ ಜರ್ಮನ್ ಕಂಪನಿಗಳು ಮಾಡುವ ಸ್ಪ್ರಿಂಗು ನಮ್ಮ ಹುಡುಗರ ಒಂದು ತಿಂಗಳ ಸಂಬಳ ನುಂಗುತ್ತೆ, ಎಲ್ಲ ಕಾರಿಗೂ ಸಿಗೋದೂ ಇಲ್ಲ. ಆದರೆ ಆ ದುಡ್ಡು ಹೆಸರಿಗೆ ಕೊಡೋದಲ್ಲ. ಪೂರ್ತಿ ಚಾಚಿದಾಗಲೂ ಸ್ಪ್ರಿಂಗು ಸಡಿಲ ಆಗದ ಹಾಗೆ, ತುದಿ ತಟ್ಟೆಯಲ್ಲಿ ಸರಿಯಾಗಿ ಕೂರೋ ಹಾಗೆ ಅವರು ಅದನ್ನ ಹೊಸದಾಗಿ ಸುತ್ತಿರ್ತಾರೆ. ಜರ್ಮನಿಯಲ್ಲಿ ಅದನ್ನ ಹಾಕಿದ ಮೇಲೂ ತಪಾಸಣೆ ಮಾಡಿಸಬೇಕು. ಅಷ್ಟು ದುಡ್ಡಿಲ್ವಾ? ಹಾಗಾದ್ರೆ ಕಾರು ಇದ್ದ ಎತ್ತರದಲ್ಲೇ ಇರಲಿ. 1500 ರೂಪಾಯಿಯ ದಾರಿ ಅಂತ ಒಂದಿಲ್ಲ, ಇರೋದು 1500 ರೂಪಾಯಿಯ ಜೂಜು. ಅದೂ ಹಿಂದಿನ ಸೀಟಿನಲ್ಲಿ ಕೂತವರ ಕೈಕಾಲು ಪಣಕ್ಕಿಟ್ಟು.

ಆಮೇಲೆ ನಮ್ಮ ರಸ್ತೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನು ಇರಬೇಕು. ಅಂಥದ್ದರ ನೆತ್ತಿಯ ಮೇಲೆ ಸ್ವಿಫ್ಟಿನಂಥ 2.39 ಮೀಟರ್ ಚಕ್ರಾಂತರದ ಕಾರು ನಿಂತರೆ ಹೊಟ್ಟೆಯ ಕೆಳಗೆ ಕಳೆದುಕೊಳ್ಳೋದು ಬರೀ 42 ಮಿ.ಮೀ. ಲೆಕ್ಕ ಮಾಡಿ ನೋಡಿದೆ. 2005ರ ಸ್ವಿಫ್ಟಿಗೆ 170 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸು, ಧಾರಾಳ. ಆದರೆ ನಿಮ್ಮ ಬೀದಿಯಲ್ಲಿ ಇರೋದು ಅದಾ? ರಾತ್ರೋರಾತ್ರಿ ಯಾರೋ ಹಾಕಿದ ಒಂದು ಮೊಳ ಅಗಲದ ಕಾಂಕ್ರೀಟ್ ದಿಮ್ಮಿ. ಅದರ ಮೇಲೆ ಪೂರ್ತಿ 100 ಮಿ.ಮೀ. ಹೋಯ್ತು. ಉಳಿದ 70ರಲ್ಲಿ ನೀವು 38 ಕೊಯ್ದಿದ್ದೀರಿ. 32 ಉಳೀತು. ಈಗ ಅತ್ತೆ ಮಾವ ಲಗೇಜು ಹತ್ತಿಸಿ.

ಕಾನೂನು? ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸಬಾರದು ಅಂತ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆದರೆ ಸೈಲೆನ್ಸರ್ ಸದ್ದು ಕೇಳುತ್ತೆ, ಕಪ್ಪು ಗಾಜು ಕಾಣುತ್ತೆ, ಪೊಲೀಸರು ಹಿಡೀತಾರೆ. ಸ್ಪ್ರಿಂಗಿನ ಕೆಳತುದಿ ನೋಡೋಕೆ ಯಾರು ನೆಲಕ್ಕೆ ಬಗ್ತಾರೆ?

ನೀವು ಬಗ್ಗಿ. ಅದರಲ್ಲೂ ಹಳೇ ಕಾರು ಕೊಳ್ಳುವವರು. ಇದನ್ನ ಯಾರೂ ಹೇಳಲ್ಲ. ಒಬ್ಬ ಶೋಕಿಗೆ ಕೊಯ್ಯಿಸ್ತಾನೆ, ಎರಡು ವರ್ಷಕ್ಕೆ ಬೇಜಾರಾಗಿ ಮಾರ್ತಾನೆ, ಕೊಂಡವನು ಹೆಂಡತಿ ಮಕ್ಕಳನ್ನ ಕೂರಿಸಿಕೊಂಡು ಶಿರಾಡಿ ಘಾಟಿ ಇಳೀತಾನೆ. ಅವನನ್ನ ಯಾರು ಕೇಳಿದ್ರು? ಕಾರು ನೋಡೋಕೆ ಹೋದಾಗ ಜ್ಯಾಕ್ ಹಾಕಿ ಮುಂದಿನ ಚಕ್ರ ಎತ್ತಿಸಿ. ಸ್ಪ್ರಿಂಗನ್ನ ಕೈಯಿಂದ ಹಿಡಿದು ಅಲ್ಲಾಡಿಸಿ. ಅಲ್ಲಾಡಿದರೆ, ಇಲ್ಲವೇ ತಿರುಗಿದರೆ, ಅಲ್ಲಿಗೇ ಮಾತು ಮುಗಿಸಿ. ಕೆಳಗಿನ ತುದಿಗೆ ಮೊಬೈಲ್ ಟಾರ್ಚ್ ಬಿಡಿ. ಬಣ್ಣ ಹೋಗಿ ಗ್ರೈಂಡರಿನ ಗೀರು ಕಂಡರೆ, ತುಕ್ಕು ಅಲ್ಲಿಂದಲೇ ಶುರುವಾಗಿದ್ದರೆ, ಮಾರುವವರು ಎಷ್ಟೇ ನಯವಾಗಿ ಮಾತಾಡಲಿ, ಕಾಫಿ ಕುಡಿದು ಎದ್ದು ಬನ್ನಿ.

ತಮ್ಮನ ಕಾರು ಈಗ ರಿಪೇರಿಯಾಗಿದೆ. ನಾಲ್ಕೂ ಹೊಸ ಕಂಪನಿ ಸ್ಪ್ರಿಂಗು, ಮುಂದೆ ಹೊಸ ಸ್ಟ್ರಟ್ಟು, ಅಲೈನ್‌ಮೆಂಟು. ಅರ್ಧ ದುಡ್ಡು ನಾನು ಹಾಕಿದೆ, ಬೇಡ ಅಂದರೂ. ಎದ್ದು ನಿಂತ ಕಾರು ನೋಡಿ ಅವನು “ಲುಂಗಿ ಎತ್ತಿ ಕಟ್ಟಿದ ಹಾಗಿದೆ” ಅಂತ ಮುಖ ಸಿಂಡರಿಸಿದ. ಹಳೇ ನಾಲ್ಕು ಸ್ಪ್ರಿಂಗುಗಳನ್ನ ಗುಜರಿಗೆ ಹಾಕಬೇಕಿತ್ತು. ಅಲ್ಲಿಂದ ಇನ್ಯಾರದ್ದೋ ಕಾರಿಗೆ ಹೋಗೋದು ಬೇಡ ಅಂತ ಗ್ರೈಂಡರ್ ಇಸ್ಕೊಂಡು ಪ್ರತಿಯೊಂದನ್ನೂ ಮೂರು ತುಂಡು ಮಾಡಿದೆವು. ಒಂದಕ್ಕೆ ಹದಿನೈದು ನಿಮಿಷ ಹಿಡೀತು. “ಇದನ್ನಾದ್ರೂ ಕಟ್ ಮಾಡೋಕೆ ಬಿಟ್ಯಲ್ಲ” ಅಂದ.